ಗೆಳೆಯನಿಗೆ ಸೂತಕವಿಲ್ಲ
(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮ ಬಳಿ ಆಪ್ತಸಲಹೆಗೆ ಬಂದವರಿಗೆ 31 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಗೆಳೆಯ ತೀರಿಕೊಂಡು ಏಳು ತಿಂಗಳಾಗಿತ್ತು. ಒಂಬತ್ತು ವರ್ಷ ಇಬ್ಬರೂ ಜೋಡಿಯಾಗಿ ರಾಮನಗರ, ಸಾವನದುರ್ಗ, ಬಾದಾಮಿಯ ಬಂಡೆ ಹತ್ತಿದವರು. ಗೆಳೆಯ ಸತ್ತದ್ದು ಬಂಡೆಯಿಂದ ಬಿದ್ದಲ್ಲ, ಕೆಲಸ ಮುಗಿಸಿ ಮನೆಗೆ ಬರುವಾಗ ರಸ್ತೆ ಅಪಘಾತದಲ್ಲಿ. ಆದರೂ ‘ಅಂಥ ಹುಚ್ಚಾಟ ಆಡೋರು ಎಷ್ಟು ದಿನ ಇರ್ತಾರೆ’ ಎಂಬ ಮಾತು ಸಾವಿನ ಮನೆಯಲ್ಲೇ ಇವರ ಕಿವಿಗೆ ಬಿದ್ದಿತ್ತು.

ಸಲಹೆಗೆ ಬರುವಂತೆ ಮಾಡಿದ್ದು ಒಂದು ಫೋಟೊ. ಗೆಳೆಯನ ನಂಬರಿನ ವಾಟ್ಸಾಪ್ ಡಿಪಿಯಲ್ಲಿ ಒಂದು ರಾತ್ರಿ ಯಾರದೋ ಮಗು ನಗುತ್ತಿತ್ತು. ರೀಚಾರ್ಜ್ ಇಲ್ಲದ ಸಿಮ್ ಕೆಲವು ತಿಂಗಳಲ್ಲಿ ರದ್ದಾಗಿ ಆ ಸಂಖ್ಯೆ ಬೇರೆಯವರಿಗೆ ಹೋಗುತ್ತದೆ. 120 ದಿನ ಬಳಸದ ವಾಟ್ಸಾಪ್ ಖಾತೆಯೂ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಇದು ಇವರಿಗೆ ಗೊತ್ತಿರಲಿಲ್ಲ. ಎರಡನೇ ಸಲ ಕಳೆದುಕೊಂಡಂತಾಯಿತು.

ರಾತ್ರಿ ನಾಲ್ಕು ಗಂಟೆ ನಿದ್ದೆ. ಹಾಸಿಗೆಯಲ್ಲಿ ಗೆಳೆಯನ ಕೊನೆಯ ವಾಯ್ಸ್ ನೋಟ್ ಮತ್ತೆ ಮತ್ತೆ. ಗೆಳೆಯನ ತಾಯಿಯನ್ನು ನೋಡಲು ಹೋದದ್ದು ಒಂದೇ ಸಲ, ಬಂಡೆ ಹತ್ತುವ ಬ್ಯಾಗು ತರಲು. ಅದರಲ್ಲಿದ್ದ 60 ಮೀಟರ್ ಹಗ್ಗ ಹಿಡಿದು ಬಾದಾಮಿಗೆ ಒಬ್ಬರೇ ಹೋಗುವುದೆಂದು ರಜೆ ಹಾಕಿಯಾಗಿತ್ತು.

ಮೊದಲ ಭೇಟಿಯಲ್ಲಿ ಮುಖ್ಯವಾಗಿದ್ದು ಈ ರಜೆಯೇ. ನೇರವಾಗಿ ಕೇಳಿದೆವು: ಬಿದ್ದು ಸತ್ತರೆ ಸಾಯಲಿ ಅನ್ನಿಸುತ್ತದೆಯೇ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆಂಬ ಭಯ ಬೇಡ. ಬಾಯಿಬಿಟ್ಟು ಕೇಳಿದಾಗ ಜನ ಹಗುರಾಗುವುದೇ ಹೆಚ್ಚು. ಉತ್ತರ ತಡವಾಗಿ ಬಂತು: “ಬೀಳ್ಬೇಕು ಅಂತಿಲ್ಲ ಮೇಡಂ. ಬಿದ್ರೆ ಬೀಳ್ಲಿ ಅನ್ಸುತ್ತೆ.” ಸಾಯುವ ದಿನ, ವಿಧಾನ ಮನಸ್ಸಿನಲ್ಲಿ ನಿಕ್ಕಿಯಾಗಿದ್ದರೆ ಅಂದೇ ಮನೋವೈದ್ಯರ ಬಳಿ ಕಳಿಸುತ್ತಿದ್ದೆವು. ಹಾಗಿರಲಿಲ್ಲ. ಆದರೂ ಹಗ್ಗ ಅಂದೇ ಸಂಜೆ ಇನ್ನೊಬ್ಬ ಗೆಳೆಯರ ಮನೆ ಸೇರಿತು, ಇವರ ಅಣ್ಣನಿಗೆ ವಿಷಯ ತಿಳಿಸಲು ಒಪ್ಪಿಗೆ ಪಡೆದೆವು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಫೋನಿನಲ್ಲಿ ಸೇವ್ ಆಯಿತು. ದಿನವಿಡೀ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಇವರ ದುಃಖಕ್ಕೆ ಕೂರಲು ಜಾಗವೇ ಇರಲಿಲ್ಲ ಎಂಬುದು ನಮ್ಮ ಅಂದಾಜು. ಅಣ್ಣತಮ್ಮಂದಿರಿಗೆ ಸೂತಕವಿದೆ, ಕರ್ಮಾಂತರವಿದೆ, ಆಫೀಸಿನಲ್ಲಿ ರಜೆಯಿದೆ. ಗೆಳೆಯನಿಗೆ ಯಾವುದೂ ಇಲ್ಲ. ವೈಕುಂಠ ಸಮಾರಾಧನೆಯ ದಿನ ಇವರು ಎಲೆಗೆ ಬಡಿಸಲು ನಿಂತಿದ್ದರು, ಮರುದಿನ ಬೆಳಗ್ಗೆ ಮೀಟಿಂಗಿನಲ್ಲಿದ್ದರು. ಸಮಾಜ ಒಪ್ಪದ ಇಂಥ ಶೋಕವನ್ನು ಅಮೆರಿಕದ ಸಂಶೋಧಕ ಕೆನ್ನೆತ್ ಡೋಕಾ 1989ರಲ್ಲೇ ಗುರುತಿಸಿ ‘ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್’ ಎಂದು ಹೆಸರಿಟ್ಟಿದ್ದಾರೆ. ಮರೆಸುವುದು ಇದಕ್ಕೆ ಮದ್ದಲ್ಲ. ನೆನೆಯಲು ಹೊತ್ತು, ಜಾಗ, ಜೊತೆ ಬೇಕು.

ಮೊದಲು ದನಿ. ಅಳಿಸಬೇಡಿ ಎಂದೆವು. ವಾಟ್ಸಾಪಿನಲ್ಲಿ ಆ ಚಾಟ್ ತೆರೆದು ಮೆನುವಿನಿಂದ ‘ಎಕ್ಸ್‌ಪೋರ್ಟ್ ಚಾಟ್’ ಮಾಡಿ, ಫೋಟೊ, ಆಡಿಯೊ ಸಮೇತ ಉಳಿಸಬೇಕು. ತೀರಾ ಉದ್ದದ ಚಾಟ್ ಪೂರ್ತಿ ಬರುವುದಿಲ್ಲ, ಹಾಗಾಗಿ ಬೇಕಾದ ವಾಯ್ಸ್ ನೋಟ್‌ಗಳನ್ನು ಬಿಡಿಬಿಡಿಯಾಗಿಯೂ ತೆಗೆದಿಡಬೇಕು: ಒಂದು ಪ್ರತಿ ಪೆನ್‌ಡ್ರೈವಿಗೆ, ಇನ್ನೊಂದು ಮತ್ತೊಬ್ಬರ ಬಳಿ. ಮತ್ತೆ ಮತ್ತೆ ಕೇಳುತ್ತಿದ್ದುದಕ್ಕೆ ಅರ್ಧ ಕಾರಣ, ಎಲ್ಲಿ ಕಳೆದುಹೋಗುತ್ತದೋ ಎಂಬ ದಿಗಿಲೇ. ಆಮೇಲೆ ಸಂಜೆ ಏಳಕ್ಕೆ, ಕುರ್ಚಿಯಲ್ಲಿ ಕೂತು, 15 ನಿಮಿಷ ಮಾತ್ರ ಕೇಳುವುದು. ಹಾಸಿಗೆಯಲ್ಲಿ ಬೇಡ, ಹಾಸಿಗೆ ಕಂಡೊಡನೆ ಮೈ ಎಚ್ಚರಾಗುವುದು ರೂಢಿಯಾಗಿಬಿಡುತ್ತದೆ. ಮೊದಲ ವಾರ ನಾಲ್ಕು ದಿನ ತಪ್ಪಿತು, ನಿರೀಕ್ಷಿಸಿದ್ದೇ. ಐದನೇ ವಾರಕ್ಕೆ ನಿದ್ದೆ ಆರು ಗಂಟೆಗೆ ಏರಿತು.

ಹಗ್ಗದ ಬಗ್ಗೆ ಬಂಡೆ ಹತ್ತುವವರನ್ನೇ ಕೇಳಲು ಹೇಳಿದೆವು. ಅವರ ತೀರ್ಪು ಖಡಾಖಂಡಿತ. ಅದು ನೈಲಾನ್, ಬಳಸದೆ ಇಟ್ಟರೂ ಹತ್ತು ವರ್ಷಕ್ಕಿಂತ ಹೆಚ್ಚು ಬೇಡವೆಂದು ತಯಾರಕರೇ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಅಡ್ಡಿ, ಆರು ತಿಂಗಳು ಅದು ಬಿದ್ದಿದ್ದುದು ಇನ್ವರ್ಟರ್ ಬ್ಯಾಟರಿ ಪಕ್ಕ. ಆಸಿಡ್ ತಾಗಿದ ನೈಲಾನ್ ಹೊರಗೆ ಚೆನ್ನಾಗಿಯೇ ಕಂಡು ಭಾರ ಬಿದ್ದಾಗ ಹರಿಯಬಹುದು. ನೆನಪಿಗೆ ಇಟ್ಟುಕೊಳ್ಳಿ, ಬಂಡೆಗೆ ಒಯ್ಯಬೇಡಿ.

ಗೆಳೆಯನ ತಾಯಿಯ ಭೇಟಿಗೆ ತಯಾರಿ ಬೇಕಾಯಿತು. ಮೊದಲೇ ಫೋನ್ ಮಾಡಿ, ಮುಕ್ಕಾಲು ಗಂಟೆ ಇದ್ದು ಬರುವುದು. ‘ಬದುಕಿದ್ದಷ್ಟು ದಿನ ಚೆನ್ನಾಗಿ ಬದುಕಿದ’ ಎನ್ನಬಾರದು. ಹೆತ್ತವರಿಗೆ ಅದು ಲೆಕ್ಕ ಚುಕ್ತಾ ಮಾಡಿದಂತೆ ಕೇಳುತ್ತದೆ. ಅವರು ಕಾಣದ ಒಂದು ಸಣ್ಣ ಸಂಗತಿ ಒಯ್ಯಿ ಎಂದೆವು. ಅದು ಬೇಕಾಗಲೇ ಇಲ್ಲ, ತಾಯಿಯೇ ಕೇಳಿದರಂತೆ: “ಬೆಟ್ಟದ ಮೇಲೆ ಏನಪ್ಪಾ ತಿಂತಿದ್ದ ಅವನು?” “ನೀವು ಕಟ್ಟಿಕೊಟ್ಟ ಚಕ್ಕುಲಿ ಅಮ್ಮಾ, ನಮಗೆ ಅರ್ಧ ಕೊಡ್ತಿದ್ದ.” ಅಲ್ಲಿಂದ ಮಾತು ಎರಡು ಗಂಟೆ ನಡೆಯಿತು.

ಇನ್ನೊಂದು ಕೆಲಸ ಕೊಟ್ಟೆವು, ಇವರಿಗೆ ಇಷ್ಟವಾಗಲಿಲ್ಲ: ಗೆಳೆಯನ ಮೂರು ಕಾಟಗಳನ್ನು ಬರೆಯುವುದು. ತಡವಾಗಿ ಬರುತ್ತಿದ್ದ, ಸಾಲ ಮರೆಯುತ್ತಿದ್ದ, ಹೆದರಿದವರನ್ನು ಗೇಲಿ ಮಾಡುತ್ತಿದ್ದ. ಸಾಹಸಿಗಳು ಸತ್ತರೆ ಬೇಗ ಮೂರ್ತಿಯಾಗುತ್ತಾರೆ. ಮೂರ್ತಿಯ ಮೇಲೆ ಸಿಟ್ಟು ಮಾಡುವಂತಿಲ್ಲ, ಆ ಸಿಟ್ಟು ತನ್ನ ಮೇಲೇ ತಿರುಗುತ್ತದೆ.

ವರ್ಷದ ದಿನಕ್ಕೆ ಒಂದು ಎಚ್ಚರಿಕೆ. ಮನೆಯವರು ತಿಥಿ ನೋಡುತ್ತಾರೆ, ಗೆಳೆಯರು ತಾರೀಖು ನೋಡುತ್ತಾರೆ, ಎರಡೂ ಒಂದೇ ದಿನ ಬರುವುದು ಅಪರೂಪ. ಮನೆಯವರನ್ನು ಕೇಳಿ, ಎರಡನ್ನೂ ಇಟ್ಟುಕೊಳ್ಳಿ. ಗೆಳೆಯರ ಬಳಗ ಎಂಟು ಮಂದಿ, ಬಂಡೆ ಕಾಯುವ ಮುನ್ನ ಬೆಳಗ್ಗೆ ಆರೂವರೆಗೆ ರಾಮನಗರ. ಹತ್ತುವ ಮುಂಚೆ ಕುಡಿತವಿಲ್ಲ. ಇವರು ಲೀಡ್ ಮಾಡುವಂತಿಲ್ಲ (ಹಗ್ಗ ಒಯ್ಯುತ್ತ ಎಲ್ಲರಿಗಿಂತ ಮೊದಲು ಹತ್ತುವಂತಿಲ್ಲ), ಮೇಲಿನಿಂದ ಬಿಟ್ಟ ಹಗ್ಗದಲ್ಲಿ ಮಾತ್ರ, ಅದೂ ಹಿಂದಿನ ಎರಡು ವಾರ ನಿದ್ದೆ ಸರಿಯಿದ್ದರೆ. ಇಳಿದ ಮೇಲೆ ತಲಾ ಮೂರು ನಿಮಿಷ ಮಾತು. ಅತ್ತರೆ ಅಳಲಿ, ಮಾತು ಬಾರದವರು ಸುಮ್ಮನೆ ಕೂರಲಿ.

ಆರು ತಿಂಗಳು ದಾಟಿದ ದುಃಖವೆಲ್ಲ ಕಾಯಿಲೆಯಲ್ಲ. ಹಂಬಲ ದಿನವೂ ಹಾಗೇ ಉಳಿದು, ಕೆಲಸ, ಊಟ, ಜನಸಂಪರ್ಕ ಕೆಟ್ಟೇ ಹೋದರೆ ಮನೋವೈದ್ಯರ ತಪಾಸಣೆ ಬೇಕು. ದೀರ್ಘಕಾಲದ ಶೋಕವೆಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5-ಟಿಆರ್ ವಯಸ್ಕರಿಗೆ 12 ತಿಂಗಳು ಎನ್ನುತ್ತದೆ. ಇವರಿಗೆ ಆರು ಭೇಟಿ ಸಾಕಾಯಿತು.

ವರ್ಷದ ದಿನ ಹಗ್ಗದಿಂದ ಮೀಟರ್ ಉದ್ದದ ತುಂಡುಗಳನ್ನು ಕತ್ತರಿಸಿದರು. ಕತ್ತರಿಸುವಲ್ಲಿ ಮೊದಲು ಟೇಪ್ ಸುತ್ತಿ, ಅದರ ನಡುವೆ ಕೊಯ್ದು, ತುದಿಯನ್ನು ಲೈಟರಿನಲ್ಲಿ ಕರಗಿಸಬೇಕು, ಇಲ್ಲವಾದರೆ ಒಳಗಿನ ಎಳೆ ಬಿಚ್ಚಿಕೊಳ್ಳುತ್ತದೆ. ಎಂಟು ಮಂದಿಗೆ ಎಂಟು ತುಂಡು. ಉಳಿದದ್ದನ್ನು ತಾಯಿ ಕೇಳಿ ಪಡೆದು ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿದರು. ಹಾಕಿದ್ದು ಬಂಡೆ ಹತ್ತುವವರು ಹಾಕುವ ಫಿಗರ್ ಎಯ್ಟ್ ಗಂಟು. ಮಗ ಯಾವಾಗಲೋ ಹೇಳಿಕೊಟ್ಟಿದ್ದನಂತೆ.