‘ತಿದ್ದಬಹುದು, ಹಂಚಬಹುದು’ ಅಂದಮೇಲೆ ತಿದ್ದಿದ್ದನ್ನು ಹಂಚಬಾರದೇ?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಕಂಪ್ಯೂಟರ್ ಶಿಕ್ಷಕ. ಕನ್ನಡ ಟೈಪಿಂಗ್ ಕಲಿಸುವ ಉಚಿತ ಸಾಫ್ಟ್‌ವೇರ್ ಒಂದು ಸಿಕ್ಕಿತು. ರೀಡ್‌ಮಿ ಫೈಲಿನಲ್ಲಿ ‘ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು’ ಎಂದಿದೆ. ಬೇರೆ ಲೈಸೆನ್ಸ್ (ಬಳಕೆಯ ಅನುಮತಿ ಪತ್ರ) ಇಲ್ಲ. ನಮ್ಮ ಮಕ್ಕಳಿಗೆ ಬೇಕಾದ ಪಾಠ ಸೇರಿಸಿ, ಪೆನ್‌ಡ್ರೈವ್‌ನಲ್ಲಿ ಅಕ್ಕಪಕ್ಕದ ಶಾಲೆಗಳಿಗೂ ಕೊಟ್ಟೆ. ಈಗ ಆ ಸಾಫ್ಟ್‌ವೇರ್ ಬರೆದವರು ‘ನನ್ನದನ್ನು ಇದ್ದ ಹಾಗೇ ಹಂಚಿ, ನೀವು ಬದಲಾಯಿಸಿದ್ದನ್ನು ಹಂಚಬೇಡಿ’ ಎಂದು ಮೇಲ್ ಮಾಡಿದ್ದಾರೆ. ಒಂದು ರೂಪಾಯಿಯನ್ನೂ ನಾನು ತೆಗೆದುಕೊಂಡಿಲ್ಲ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ನೀವು ಓದಿದ ಅರ್ಥವನ್ನೇ ಹೆಚ್ಚಿನವರು ಓದುತ್ತಾರೆ. ಆದರೂ ಸದ್ಯಕ್ಕೆ ಹೊಸ ಪ್ರತಿ ಕೊಡುವುದನ್ನು ನಿಲ್ಲಿಸಿ. ಇಂಥದ್ದೇ ಜಗಳ ಹಿಂದೆಯೂ ಆಗಿದೆ, ದೊಡ್ಡವರ ನಡುವೆಯೇ ಆಗಿದೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ ‘ಪೈನ್’ ಎಂಬ ಇಮೇಲ್ ಪ್ರೋಗ್ರಾಮ್ ಕೊಟ್ಟಿತ್ತು. ಅದರ ಹಳೆಯ ಲೈಸೆನ್ಸಿನಲ್ಲೂ ಬಳಸಲು, ನಕಲು ಮಾಡಲು, ತಿದ್ದಲು, ಹಂಚಲು ಅನುಮತಿ ಇತ್ತು. ಆಮೇಲೆ ವಿಶ್ವವಿದ್ಯಾಲಯ ಹೇಳಿದ್ದೇ ಬೇರೆ: ತಿದ್ದಿಕೊಳ್ಳಿ, ಹಂಚಿ, ಆದರೆ ತಿದ್ದಿದ್ದನ್ನು ಹಂಚಬೇಡಿ! ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ವಿತರಿಸುವ ಡೆಬಿಯನ್ ತಂಡ ತಾನು ತಿದ್ದಿದ ಪೈನ್ ಅನ್ನು ನೇರವಾಗಿ ಕೊಡುವಂತಿರಲಿಲ್ಲ. ಮೂಲ ಕೋಡ್ ಬೇರೆ, ಪ್ಯಾಚ್ (ಬದಲಾವಣೆಗಳಷ್ಟೇ ಇರುವ ಫೈಲ್) ಬೇರೆ ಕೊಟ್ಟು ‘ನೀವೇ ಸೇರಿಸಿಕೊಳ್ಳಿ’ ಅನ್ನಬೇಕಾಯಿತು. ಪೈನ್ ಜೊತೆಗೆ ಬರುತ್ತಿದ್ದ ‘ಪೀಕೋ’ ಎಡಿಟರ್‌ಗೂ ಅದೇ ತೊಡಕು. ಹಾಗಾಗಿ 1999ರಲ್ಲಿ ಒಬ್ಬರು ಅದರ ಹಾಗೇ ಕೆಲಸ ಮಾಡುವ ಇನ್ನೊಂದನ್ನು ಹೊಸದಾಗಿ ಬರೆದರು. ಅದೇ ಇವತ್ತಿನ ‘ನ್ಯಾನೋ’. ಲಿನಕ್ಸ್ ಟರ್ಮಿನಲ್‌ನಲ್ಲಿ ಕಂಟ್ರೋಲ್-ಎಕ್ಸ್ ಒತ್ತಿ ಹೊರಬರುತ್ತೀರಲ್ಲ, ಅದು. ಕೊನೆಗೆ ವಿಶ್ವವಿದ್ಯಾಲಯವೇ ‘ಆಲ್ಪೈನ್’ ಎಂಬ ಹೊಸ ಆವೃತ್ತಿಯನ್ನು, ತಿದ್ದಿದ್ದನ್ನೂ ಹಂಚಲು ಬಿಡುವ ಅಪಾಚೆ ಲೈಸೆನ್ಸಿನಲ್ಲಿ ಕೊಟ್ಟಿತು. ಅದರ ಮೊದಲ ಬಿಡುಗಡೆ 2007ರಲ್ಲಿ. ಒಂದು ವಾಕ್ಯ ಸ್ಪಷ್ಟವಾಗಿರದ ಕಾರಣಕ್ಕೆ ಎಷ್ಟೊಂದು ಜನರ ಶ್ರಮ ಹಾಳಾಯಿತು ನೋಡಿ. ನನಗೆ ಇದು ಈಗಲೂ ಬೇಸರದ ವಿಷಯ.

ದುಡ್ಡು ತೆಗೆದುಕೊಂಡಿಲ್ಲ ಅನ್ನುವುದು ನಿಮ್ಮ ಒಳ್ಳೆಯತನ. ಕಾನೂನಿಗೆ ಅಷ್ಟೇ ಸಾಲದು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ. ಪ್ರತಿ ಮಾಡುವ, ಮಾರ್ಪಡಿಸುವ, ಜನರಿಗೆ ಹಂಚುವ ಹಕ್ಕು ಬರೆದವರದು. ಅವರು ಕೊಟ್ಟಷ್ಟೇ ನಮಗೆ. ಏನೂ ಬರೆಯದೆ ಸುಮ್ನೆ ಕೋಡ್ ಹಾಕಿದ್ದರೆ ನಿಮ್ಮ ಸ್ಥಿತಿ ಇನ್ನೂ ಕಷ್ಟವಾಗುತ್ತಿತ್ತು. ಇಲ್ಲಿ ಬರಹದಲ್ಲಿ ಒಂದು ಅನುಮತಿ ಇದೆ, ವಾದಿಸಲು ಜಾಗವೂ ಇದೆ. ಆದರೆ ಒಂದು ಟೈಪಿಂಗ್ ಪಾಠಕ್ಕಾಗಿ ಕೋರ್ಟಿನವರೆಗೆ ಯಾಕೆ ಹೋಗಬೇಕು, ಅಲ್ವಾ?

ನಿಮ್ಮ ಶಾಲೆಯ ಕಂಪ್ಯೂಟರ್‌ಗಳಲ್ಲಿ ಬದಲಾಯಿಸಿದ್ದನ್ನು ಬಳಸುತ್ತಿರಿ. ಅದಕ್ಕೆ ಅವರ ಆಕ್ಷೇಪವಿಲ್ಲ. ಬೇರೆ ಶಾಲೆಗೆ ಕೊಡುವಾಗ ಡೆಬಿಯನ್ ದಾರಿ ಹಿಡಿಯಬಹುದು: ಅವರ ಮೂಲ ಪ್ರತಿ ಹಾಗೇ ಇರಲಿ, ನೀವು ಬರೆದ ಪಾಠಗಳು ಬೇರೆ ಫೋಲ್ಡರಿನಲ್ಲಿರಲಿ. ಪಾಠ ನಿಮ್ಮದು, ಅದನ್ನು ಹಂಚಲು ಯಾರನ್ನೂ ಕೇಳಬೇಕಿಲ್ಲ.

ಒಳಗಿರುವ ಕನ್ನಡ ಫಾಂಟ್ ಯಾವುದು ಅಂತಲೂ ನೋಡಿ. ಸಾಫ್ಟ್‌ವೇರ್ ಬರೆದವರೇ ಫಾಂಟಿನ ಒಡೆಯರಾಗಿರುವುದು ಅಪರೂಪ. ಅನುಮಾನವಿದ್ದರೆ ತೆಗೆದು ‘ನೋಟೋ ಸ್ಯಾನ್ಸ್ ಕನ್ನಡ’ ಹಾಕಿ. ಅದು ಓಪನ್ ಫಾಂಟ್ ಲೈಸೆನ್ಸಿನಲ್ಲಿದೆ. ಸಾಫ್ಟ್‌ವೇರ್ ಜೊತೆ ಕೊಡಬಹುದು, ಫಾಂಟನ್ನಷ್ಟೇ ಮಾರುವಂತಿಲ್ಲ. ಲೈಸೆನ್ಸ್ ಫೈಲನ್ನೂ ಜೊತೆಗೆ ಇಡಬೇಕು.

ಈಗ ಬರೆದವರ ಮೇಲ್‌ಗೆ ಉತ್ತರ. ಜಗಳದ ಧಾಟಿ ಬೇಡ. ಎಷ್ಟು ಶಾಲೆಗೆ ಕೊಟ್ಟಿದ್ದೀರಿ, ಏನೇನು ಸೇರಿಸಿದ್ದೀರಿ ಎಂದು ಮುಚ್ಚುಮರೆಯಿಲ್ಲದೆ ಬರೆಯಿರಿ. ಬದಲಾಯಿಸಿದ ಕೋಡನ್ನೂ ಕಳಿಸಿ. ಎಷ್ಟೋ ಸಲ ಅವರ ಭಯ ‘ಕೆಟ್ಟರೆ ನನ್ನ ಹೆಸರು ಹಾಳಾಗುತ್ತದೆ’ ಅನ್ನುವುದಷ್ಟೇ. ಹಾಗಿದ್ದರೆ ನಿಮ್ಮದಕ್ಕೆ ಬೇರೆ ಹೆಸರಿಡುತ್ತೇನೆ ಅನ್ನಿ. ತಿದ್ದಿದ್ದನ್ನೂ ಹಂಚಲು ಬಿಡುವ ಸಿದ್ಧ ಲೈಸೆನ್ಸುಗಳಿವೆ. ಎಂಐಟಿ, ಜಿಪಿಎಲ್, ಅಪಾಚೆ ಇವುಗಳಲ್ಲಿ ಒಂದನ್ನು ಆರಿಸಿ ಫೈಲಿನಲ್ಲಿ ಸೇರಿಸುವಂತೆ ಕೇಳಿಕೊಳ್ಳಿ. ಫೋನಿನಲ್ಲಿ ‘ಆಯ್ತು ಮಾಡಿ’ ಅಂದರೆ ಸಾಲದು. ಲೈಸೆನ್ಸ್ ಬರಹದಲ್ಲೇ ಇರಬೇಕು ಅನ್ನುತ್ತದೆ ಕಾಯ್ದೆ. ಅವರು ಜಿಪಿಎಲ್ ಆರಿಸಿದರೆ ನೆನಪಿಡಿ: ನೀವು ಕೊಡುವ ಪೆನ್‌ಡ್ರೈವ್‌ನಲ್ಲಿ ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಬರಹ) ಫೋಲ್ಡರೂ ಇರಲಿ.