ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಪಿಸ್ತೂಲು ಅಭ್ಯಾಸ ಮತ್ತು ತೋಟಾ ದಾಸ್ತಾನು

ಪ್ರಶ್ನೆ: ಸರ್, ನನ್ನ ಹತ್ರ ಸ್ವರಕ್ಷಣೆಗಂತ ಲೈಸೆನ್ಸ್ ಆದ .32 ರಿವಾಲ್ವರ್ ಅದ. ಜೇವರ್ಗಿ ಕಡೆ ನಮ್ಮ ತೊಗರಿ ಹೊಲ ಅದ, ಸುತ್ತಮುತ್ತ ಮನಿ ಇಲ್ಲ. ತಗಡಿನ ಡಬ್ಬಿ ಇಟ್ಟು ಹೊಡದು ರೂಢಿ ಮಾಡಿಕೊಂಡ್ರ ತಪ್ಪೇನು?
– ಓದುಗರು, ಕಲಬುರಗಿ

ಉತ್ತರ: ಬೇಡ. ಸ್ವರಕ್ಷಣೆಗೆ ಕೊಟ್ಟ ಪರವಾನಗಿ ಹೊಲವನ್ನು ಶೂಟಿಂಗ್ ರೇಂಜ್ ಮಾಡುವುದಿಲ್ಲ. ಅಜಾಗರೂಕತೆಯಿಂದಾಗಲಿ, ಮದುವೆ-ಮೆರವಣಿಗೆಯ ಸಂಭ್ರಮಕ್ಕಾಗಲಿ ಗುಂಡು ಹಾರಿಸಿ ಇತರರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದೆಂದು 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆ ಹೇಳುತ್ತದೆ.

ಕಾನೂನು ಬದಿಗಿಟ್ಟರೂ ನಮ್ಮ ನೆಲವೇ ಇದಕ್ಕೆ ಒಗ್ಗುವುದಿಲ್ಲ. ಇಲ್ಲಿಯದು ಸಪಾಟು ಬಯಲು, ಗುಂಡನ್ನು ತಡೆಯುವ ಗುಡ್ಡ ಹಿಂದೆ ಇರುವುದಿಲ್ಲ. ತೊಗರಿ ಗಿಡ ಗುಂಡನ್ನು ಮರೆಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಚಿಕ್ಕದೆಂದು ಜನ ಹಗುರಾಗಿ ಕಾಣುವ .22 ಗುಂಡು ಕೂಡ ಒಂದೂವರೆ ಕಿ.ಮೀ. ಆಚೆ ಹೋಗಿ ಬೀಳಬಲ್ಲದು. ಬೇಸಿಗೆಯಲ್ಲಿ ಒಣಗಿ ಬಿರಿದ ಎರೆಮಣ್ಣಿನ ಹೆಂಟೆಗೋ ಕಲ್ಲಿಗೋ ತಾಗಿದ ಗುಂಡು ಯಾವ ಕಡೆ ಚಿಮ್ಮುತ್ತದೆಂದು ಯಾರೂ ಹೇಳಲಾರರು. ನೀವು ಕಾಣದ ಜಾಗದಲ್ಲಿ ಕಳೆ ಕೀಳುವವರು, ಕುರಿ ಕಾಯುವವರು ಇದ್ದೇ ಇರುತ್ತಾರೆ. ಅನುಮತಿ ಇರುವ, ಹಿಂದೆ ಎತ್ತರದ ಮಣ್ಣಿನ ದಿಬ್ಬವೋ ಗೋಡೆಯೋ ಇರುವ ರೇಂಜ್‌ನಲ್ಲಿ ಮಾತ್ರ ಹೊಡೆಯಿರಿ.

ಪ್ರಶ್ನೆ: ಎಷ್ಟು ತೋಟಾ ಕೂಡಿಟ್ಟುಕೊಳ್ಳಬಹುದು? ಮುಂದೆ ಸಿಗದೇ ಹೋದರೆ ಎಂಬ ಆತಂಕ ಇದೆ. ಇಡುವುದು ಹೇಗೆ?
– ಓದುಗರು, ಬೀದರ್

ಉತ್ತರ: ಮಿತಿ ನಿಮ್ಮ ಲೈಸೆನ್ಸ್‌ನಲ್ಲೇ ಇದೆ. ಒಮ್ಮೆಗೆ ಎಷ್ಟು, ಒಂದು ವರ್ಷಕ್ಕೆ ಎಷ್ಟು ಎಂಬ ಎರಡು ಸಂಖ್ಯೆ ನೋಡಿ. ಎರಡನ್ನೂ ಮೀರುವಂತಿಲ್ಲ. ಹೆಚ್ಚು ಬೇಕಾದರೆ ಕಾರಣ ಬರೆದು ಪರವಾನಗಿ ಕೊಟ್ಟ ಅಧಿಕಾರಿಗೇ ಅರ್ಜಿ ಹಾಕಬೇಕು. ಗೆಳೆಯನ ಲೈಸೆನ್ಸ್‌ನಲ್ಲಿ ಉಳಿದದ್ದನ್ನು ಕೈಬದಲು ತರುವುದು ಅಪರಾಧ, ಇಬ್ಬರಿಗೂ.

ಆತಂಕಕ್ಕಿಂತ ಲೆಕ್ಕ ಒಳ್ಳೆಯದು. ನಿಮ್ಮ ಲೈಸೆನ್ಸ್‌ನಲ್ಲಿ ವರ್ಷಕ್ಕೆ 100 ಎಂದಿದೆ ಎಂದುಕೊಳ್ಳಿ. 20 ಮನೆಯಲ್ಲಿ ಕಾಯಂ ಇರಲಿ. ಉಳಿದ 80ನ್ನು ಮೂರು ತಿಂಗಳಿಗೊಮ್ಮೆಯಂತೆ ನಾಲ್ಕು ರೇಂಜ್ ದಿನಕ್ಕೆ ಹಂಚಿದರೆ ದಿನಕ್ಕೆ 20 ಬರುತ್ತದೆ. ಪ್ರತಿ ಸಲ ಹಳೆಯ 20ನ್ನು ಹೊಡೆದು, ಹೊಸದನ್ನು ಕಾಯಂ ದಾಸ್ತಾನಿಗೆ ಹಾಕಿ. ಹಾಗಾದರೆ ತಿಜೋರಿಯಲ್ಲಿ ಹಳಸಿದ್ದು ಉಳಿಯುವುದಿಲ್ಲ. ಕೊಂಡ ತಾರೀಖು, ಪೆಟ್ಟಿಗೆಯ ಮೇಲಿನ ಲಾಟ್ ನಂಬರು (ಯಾವ ಕಂತಿನಲ್ಲಿ ತಯಾರಾದದ್ದು ಎಂಬ ಗುರುತು), ಹೊಡೆದದ್ದು, ಉಳಿದದ್ದು, ಇವಿಷ್ಟನ್ನು ಒಂದು ವಹಿಯಲ್ಲಿ ಬರೆದಿಡಿ. ಅಂಗಡಿಯ ರಸೀದಿ, ಖಾಲಿ ಕೋಶ (ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಕವಚ) ಎರಡನ್ನೂ ಎಸೆಯಬೇಡಿ; ತಪಾಸಣೆ ಬಂದಾಗ ನಿಮ್ಮ ಪರ ಮಾತಾಡುವುದು ಅವೇ. ಆ ಖಾಲಿ ಕೋಶಕ್ಕೆ ಮನೆಯಲ್ಲಿ ಮತ್ತೆ ಮದ್ದು ತುಂಬುವ ಯೋಚನೆ ಬೇಡವೇ ಬೇಡ. ಅದು ಮದ್ದುಗುಂಡು ತಯಾರಿಕೆ, ಅದಕ್ಕೆ ಬೇರೆಯೇ ಪರವಾನಗಿ ಬೇಕು.

ಕೊಳ್ಳುವಾಗ ಹೆಚ್ಚು ಜನ ಎಡವುವುದು ‘.32’ ಎಂಬ ಒಂದೇ ಸಂಖ್ಯೆಯಲ್ಲಿ. ರಿವಾಲ್ವರ್‌ನ .32 ತೋಟಾ ಉದ್ದ, ಬುಡಕ್ಕೆ ಅಗಲವಾದ ಅಂಚು ಇರುತ್ತದೆ. ಪಿಸ್ತೂಲಿನದು ಗಿಡ್ಡ, 7.65 ಎಂ.ಎಂ. ಎಂದೂ ಕರೆಯುತ್ತಾರೆ, ಅಂಚು ತೀರ ಕಿರಿದು. ಪಿಸ್ತೂಲಿನ ತೋಟಾ ಕೆಲವು ರಿವಾಲ್ವರ್‌ಗಳ ಗೂಡಿನಲ್ಲಿ (ತೋಟಾ ಕೂರುವ ತೂತಿನಲ್ಲಿ) ಕೂತುಬಿಡುತ್ತದೆ, ಮೋಸ ಆಗುವುದೇ ಅಲ್ಲಿ. ಅದರ ಒತ್ತಡ ರಿವಾಲ್ವರ್ ತೋಟಾಕ್ಕಿಂತ ಜಾಸ್ತಿ. ಹಳೆಯ ರಿವಾಲ್ವರ್ ಆದರೆ ಸಿಲಿಂಡರ್, ಅಂದರೆ ಗೂಡುಗಳಿರುವ ತಿರುಗುವ ಭಾಗ, ಬಿರಿಯಬಹುದು. ಪೆಟ್ಟಿಗೆಯ ಮೇಲಿನ ಬರಹ ಮತ್ತು ನಳಿಗೆಯ ಮೇಲಿನ ಅಚ್ಚು, ಎರಡನ್ನೂ ಹೋಲಿಸಿಯೇ ದುಡ್ಡು ಕೊಡಿ.

ಇನ್ನು ಇಡುವ ವಿಚಾರ. ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಒಂದು ದಿನಕ್ಕೆ ಸಿಡಿಯುವುದಿಲ್ಲ ನಿಜ, ಆದರೆ ಪದೇ ಪದೇ ಕಾದರೆ ಮದ್ದು ಕೆಡುತ್ತ ಹೋಗುತ್ತದೆ, ಒಂದು ಗುಂಡಿಗೂ ಇನ್ನೊಂದಕ್ಕೂ ವೇಗ ಹೊಂದುವುದಿಲ್ಲ. ಕಾರು, ತಗಡಿನ ಮಾಳಿಗೆಯ ಕೋಣೆ, ಅಡುಗೆಮನೆ ಮೂರೂ ಬೇಡ. ಬಿಸಿಲು ಬೀಳದ ಒಳಕೋಣೆಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ, ಕಂಪನಿಯ ಮೂಲ ಪೆಟ್ಟಿಗೆಯಲ್ಲೇ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಆಯುಧ ಬೇರೆ ಬೀಗದಲ್ಲಿ ಇರಲಿ. ತೊಗಲಿನ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಸಿಟ್ಟರೆ ತೊಗಲು ಹದ ಮಾಡಿದ ರಾಸಾಯನಿಕ ಹಿತ್ತಾಳೆಗೆ ಹತ್ತಿ ಹಸಿರು ಕಿಲುಬು ಬರುತ್ತದೆ. ಹೊಳಪಿಗೆಂದು ಎಣ್ಣೆ ಸವರುವವರೂ ಇದ್ದಾರೆ. ಎಣ್ಣೆ ಬುಡದ ಪ್ರೈಮರಿನ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆಯ) ಸಂದಿಗೆ ಇಳಿದರೆ ಬೇಕಾದಾಗ ಗುಂಡು ಹಾರುವುದಿಲ್ಲ.

ಪ್ರಶ್ನೆ: ನನ್ನ ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ ಬೀಳುತ್ತವೆ. ಸೈಟ್ (ಗುರಿ ಹಿಡಿಯಲು ಆಯುಧದ ಮೇಲಿರುವ ಗುರುತು) ತಿರುಗಿಸಬೇಕೆ?
– ಓದುಗರು, ಹುಮನಾಬಾದ್

ಉತ್ತರ: ಸೈಟ್ ಮುಟ್ಟಬೇಡಿ. ಬಲಗೈಯವರ ಗುಂಡು ಎಡ-ಕೆಳಕ್ಕೆ ಹೋಗುವುದಕ್ಕೆ ಹೆಚ್ಚಾಗಿ ಕಾರಣ ಟ್ರಿಗರನ್ನು ಮೆಲ್ಲಗೆ ಎಳೆಯುವ ಬದಲು ಥಟ್ಟನೆ ಕೀಳುವುದು. ಸದ್ದಿಗೆ, ಒದೆತಕ್ಕೆ ಮೈ ಮೊದಲೇ ಹೆದರಿ, ಗುಂಡು ಹೊರಡುವ ಮುನ್ನವೇ ಮಣಿಕಟ್ಟು ಕೆಳಗೆ ಬಾಗುತ್ತದೆ.

ಪರೀಕ್ಷೆ ಸುಲಭ. ರೇಂಜ್‌ನಲ್ಲಿ, ನಳಿಗೆ ಗುರಿಯ ಕಡೆಗೇ ಇರುವಾಗ, ಆರು ಗೂಡಿನ ರಿವಾಲ್ವರ್‌ಗೆ ಮೂರು ತೋಟಾ, ಮೂರು ಖಾಲಿ ಕೋಶ ಹಾಕಿ, ಸಿಲಿಂಡರ್ ತಿರುಗಿಸಿ, ನೋಡದೆ ಮುಚ್ಚಿ. ಖಾಲಿ ಕೋಶದ ಮೇಲೆ ರಿವಾಲ್ವರ್‌ನ ಸುತ್ತಿಗೆ (ಹ್ಯಾಮರ್) ಬಿದ್ದಾಗ ನಳಿಗೆ ಕುಸಿಯಿತೇ? ಅದೇ ನಿಮ್ಮ ರೋಗ. ಅದು ನಿಲ್ಲುವವರೆಗೆ ತೋಟಾ ಖರ್ಚು ಮಾಡಿ ಪ್ರಯೋಜನವಿಲ್ಲ.

ಈ ರೋಗಕ್ಕೆ ಔಷಧಿ ಮನೆಯಲ್ಲೇ ಗುಂಡಿಲ್ಲದೆ ಮಾಡುವ ಅಭ್ಯಾಸ. ಇದಕ್ಕೆ ಡ್ರೈ ಫೈರ್ ಎನ್ನುತ್ತಾರೆ. ಗೂಡುಗಳನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಎರಡು ಸಲ ಖಾಲಿ ಎಂದು ಖಚಿತ ಮಾಡಿಕೊಳ್ಳಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಆಚೆ ಯಾರೂ ಇಲ್ಲದ ಗಟ್ಟಿ ಗೋಡೆಗೆ ಬಿಳಿ ಹಾಳೆ ಅಂಟಿಸಿ, ಗುರಿಯ ಚುಕ್ಕೆ ಹಾಕಬೇಡಿ. ಚುಕ್ಕೆ ಇದ್ದರೆ ಕಣ್ಣು ಅಲ್ಲಿಗೇ ಓಡುತ್ತದೆ. ಮುಂದಿನ ಸೈಟ್ ಸ್ಪಷ್ಟವಾಗಿ ಕಾಣಬೇಕು, ಗುರಿ ಮಸುಕಾಗಿಯೇ ಇರಬೇಕು. ಮುಂದಿನ ಸೈಟ್ ಹಿಂದಿನ ಕಚ್ಚಿನ ನಡುವೆ ಕೂತ ಮೇಲೆ ಒತ್ತಡವನ್ನು ಒಂದೇ ಸಮನೆ ಏರಿಸಿ. ಟಕ್ ಎಂದ ಮೇಲೂ ಎರಡು ಸೆಕೆಂಡು ಕೈ ಇಳಿಸದೆ ಸೈಟನ್ನೇ ನೋಡಿ. ಆರರಿಂದ ಎಂಟು ಸೆಕೆಂಡಿನಲ್ಲಿ ಆಗದಿದ್ದರೆ ಕೈ ಇಳಿಸಿ, ಉಸಿರಾಡಿ, ಮತ್ತೆ ಎತ್ತಿ. ದಿನಕ್ಕೆ 15 ನಿಮಿಷ ಸಾಕು. ದಣಿದ ಮೇಲೆ ಮಾಡಿದರೆ ತಪ್ಪೇ ರೂಢಿಯಾಗುತ್ತದೆ.

.22 ಪಿಸ್ತೂಲಿನವರಿಗೆ ಒಂದು ಎಚ್ಚರಿಕೆ: ಅದರ ಪಿನ್ ತೋಟಾದ ಅಂಚಿಗೆ ಬಡಿಯುವಂಥದ್ದು. ಖಾಲಿ ಗೂಡಿನಲ್ಲಿ ಟ್ರಿಗರ್ ಬಿಟ್ಟರೆ ಹಲವು ಮಾದರಿಗಳಲ್ಲಿ ಪಿನ್ ಗೂಡಿನ ಬಾಯಿಗೇ ಬಡಿದು ಅಲ್ಲಿ ತಗ್ಗು ಬೀಳುತ್ತದೆ, ಆಮೇಲೆ ಕೋಶ ಸಿಕ್ಕಿಕೊಳ್ಳುತ್ತದೆ. ಪಿಸ್ತೂಲಿನಲ್ಲೇ ಡ್ರೈ ಫೈರ್ ಸೌಲಭ್ಯವಿದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ.

ಪ್ರಶ್ನೆ: ಮಗಳಿಗೆ ಹದಿನಾಲ್ಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದದ್ದು ನೋಡಿದಾಗಿನಿಂದ ಏರ್ ಪಿಸ್ತೂಲು ಬೇಕೆನ್ನುತ್ತಿದ್ದಾಳೆ. ಮನೆಯಲ್ಲೇ ಜಾಗ ಮಾಡಬಹುದೇ? ಪೆಲೆಟ್ (ಅದರ ಸಣ್ಣ ಸೀಸದ ಗುಂಡು) ಎಷ್ಟು ಬೇಕು?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಖಂಡಿತ ಮಾಡಿ. ಸ್ಪರ್ಧೆಯ 4.5 ಎಂ.ಎಂ. ಏರ್ ಪಿಸ್ತೂಲಿನ ಶಕ್ತಿ ಸುಮಾರು 5 ಜೂಲ್, ಅದಕ್ಕೆ ಶಸ್ತ್ರ ಪರವಾನಗಿ ಬೇಕಿಲ್ಲ. ಗುರುತಿನ ಚೀಟಿ ಕೊಟ್ಟು ನಿಮ್ಮ ಹೆಸರಲ್ಲಿ ಕೊಳ್ಳಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

ಹೊಡೆಯುವ ಗೆರೆಯಿಂದ ಗುರಿಗೆ 10 ಮೀಟರ್, ಗುರಿಯ ನಡುವು ನೆಲದಿಂದ 1.40 ಮೀಟರ್ ಎತ್ತರ. ಗುರಿಯ ಮೇಲೆ ಒಳ್ಳೆಯ ಎಲ್‌ಇಡಿ ದೀಪ ಬೀಳಲಿ, ಅಂತರರಾಷ್ಟ್ರೀಯ ನಿಯಮ ಕೇಳುವುದು ಕನಿಷ್ಠ 1,500 ಲಕ್ಸ್ (ಬೆಳಕಿನ ಅಳತೆ). ನಮ್ಮ ಮನೆಗಳಲ್ಲಿ ನೆಲ, ಗೋಡೆ ಎಲ್ಲ ಶಹಾಬಾದ್ ಕಲ್ಲು. ಸೀಸದ ಪೆಲೆಟ್ ಆ ಕಲ್ಲಿಗೆ ನೇರ ಬಡಿದರೆ ಚಪ್ಪಟೆಯಾಗಿ ವಾಪಸು ಹಾರುತ್ತದೆ. ಅದಕ್ಕೇ ಗುರಿಯ ಹಿಂದೆ 3 ಎಂ.ಎಂ. ಉಕ್ಕಿನ ತಗಡನ್ನು ಮೇಲ್ತುದಿ ಮುಂದಕ್ಕೆ ಬಾಗುವಂತೆ 45 ಡಿಗ್ರಿಗೆ ಕೂಡಿಸಿದ ಪೆಟ್ಟಿಗೆ ಮಾಡಿಸಿ. ಪೆಲೆಟ್ ಕೆಳಗಿನ ಮರಳಿಗೆ ಬೀಳಬೇಕು. ಪೆಟ್ಟಿಗೆಯ ಹಿಂದೆ, ಪಕ್ಕಕ್ಕೆ ದಪ್ಪ ಕಂಬಳಿ ಇಳಿಬಿಡಿ. ಹೊಡೆಯುವವರು, ನೋಡುವವರು ಇಬ್ಬರಿಗೂ ಕಣ್ಣು ಕಾಯುವ ಕನ್ನಡಕ ಇರಲೇಬೇಕು. ಗುರಿಯ ಕಡೆ ಬಾಗಿಲಿದ್ದರೆ ಒಳಗಿನಿಂದ ಚಿಲಕ ಹಾಕಿ.

ಹಿಡಿತ ಒಂದೇ ಕೈಯದು, ಮಣಿಕಟ್ಟಿಗೆ ಯಾವ ಆಸರೆಯೂ ಇರಬಾರದು. ಟ್ರಿಗರ್ ತೂಕ ಕನಿಷ್ಠ 500 ಗ್ರಾಂ. ಕೈ ಅಲುಗುತ್ತದೆ ಎಂದು ಮಗು ಅಳುಕಿದರೆ ಈ ಲೆಕ್ಕ ಹೇಳಿಕೊಡಿ: ಸೈಟುಗಳು ಸರಿ ಜೋಡಿಯಾಗಿ ಇಡೀ ಕೈ 5 ಎಂ.ಎಂ. ಸರಿದರೆ ಗುರಿಯಲ್ಲೂ 5 ಎಂ.ಎಂ. ಮಾತ್ರ ತಪ್ಪುತ್ತದೆ. 11.5 ಎಂ.ಎಂ. ಅಗಲದ ಹತ್ತು ಅಂಕದ ವೃತ್ತ ಅದನ್ನು ತಾಳಿಕೊಳ್ಳುತ್ತದೆ. ಆದರೆ 320 ಎಂ.ಎಂ. ಅಂತರದ ಎರಡು ಸೈಟುಗಳ ನಡುವೆ ಒಂದೇ ಎಂ.ಎಂ. ವಾರೆಯಾದರೂ ಗುರಿಯಲ್ಲಿ ಸುಮಾರು 31 ಎಂ.ಎಂ. ತಪ್ಪಿ ಅಂಕ ಏಳಕ್ಕೆ ಇಳಿಯುತ್ತದೆ. ಹಾಗಾಗಿ ಕೈ ಅಲುಗಲಿ, ಸೈಟ್ ಜೋಡಣೆ ಕೆಡದಿರಲಿ.

ಸ್ಪರ್ಧೆಯಲ್ಲಿ 75 ನಿಮಿಷಕ್ಕೆ 60 ಗುಂಡು. ಶುರುವಿನ ತಿಂಗಳು ದಿನಕ್ಕೆ 40 ಸಾಕು, ಆಮೇಲೆ 80. ವಾರಕ್ಕೆ ನಾಲ್ಕು ದಿನವಾದರೆ 320, ತಿಂಗಳಿಗೆ ಹತ್ತಿರ 1,400. 500ರ ಡಬ್ಬಿ ಮೂರು ಬೇಕು. ಮೊದಲೇ ಹತ್ತು ಡಬ್ಬಿ ತರಬೇಡಿ. ಚಪ್ಪಟೆ ತಲೆಯ ಎರಡು-ಮೂರು ಬಗೆಯ ಒಂದೊಂದು ಡಬ್ಬಿ ತಂದು, ಪಿಸ್ತೂಲನ್ನು ಮರಳುಚೀಲದ ಮೇಲಿಟ್ಟು ಐದೈದು ಗುಂಡಿನ ಗುಂಪು ಹೊಡೆದು ನೋಡಿ. ಯಾವುದರ ರಂಧ್ರಗಳು ಒಂದರೊಳಗೊಂದು ಬೀಳುತ್ತವೋ ಅದರ ತಲೆಯಳತೆ, ಲಾಟ್ ನಂಬರು ಗುರುತು ಮಾಡಿಕೊಂಡು ಅದೇ ಲಾಟಿನದನ್ನು ನಾಲ್ಕೈದು ತಿಂಗಳಿಗೆ ಆಗುವಷ್ಟು ತನ್ನಿ. ಡಬ್ಬಿ ಬಿದ್ದು ಪೆಲೆಟ್‌ನ ಬುಡ ನಗ್ಗಿದರೆ ಅವನ್ನು ಅಭ್ಯಾಸಕ್ಕೂ ಬಳಸಬೇಡಿ. ಸೀಸ ವಿಷ, ಹೊಡೆದಾದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬಾರದು.

ಪ್ರಶ್ನೆ: ತೀರಿಕೊಂಡ ಅಜ್ಜನ ಪೆಟ್ಟಿಗೆಯಲ್ಲಿ ಕಿಲುಬು ಹಿಡಿದ ತೋಟಾ ಸಿಕ್ಕಿವೆ. ಬಾವಿಗೆ ಹಾಕಲೇ?
– ಓದುಗರು, ಚಿತ್ತಾಪುರ

ಉತ್ತರ: ಬಾವಿಗೂ ಬೇಡ, ಒಲೆಗೂ ಬೇಡ, ಬಿಚ್ಚಿ ನೋಡುವುದೂ ಬೇಡ. ಲೈಸೆನ್ಸ್ ಇಲ್ಲದೆ ಅವು ನಿಮ್ಮ ಮನೆಯಲ್ಲಿರುವುದೇ ತಪ್ಪು. ಇದ್ದಲ್ಲೇ ಬಿಟ್ಟು ಠಾಣೆಗೆ ತಿಳಿಸಿ, ಅಜ್ಜನ ಹಳೆಯ ಲೈಸೆನ್ಸ್, ಮರಣ ಪ್ರಮಾಣಪತ್ರ ತೋರಿಸಿ, ಅವರು ಹೇಳಿದಂತೆ ಒಪ್ಪಿಸಿ ರಸೀದಿ ಪಡೆಯಿರಿ. ಬಂದೂಕೂ ಇದ್ದರೆ ಅದನ್ನೂ ಜತೆಗೇ ಜಮಾ ಮಾಡಿ. ಉಳಿಸಿಕೊಳ್ಳುವ ಮನಸ್ಸಿದ್ದರೆ ವಾರಸುದಾರರಾಗಿ ಆಮೇಲೆ ಅರ್ಜಿ ಹಾಕಬಹುದು.

ಪ್ರಶ್ನೆ: ರೇಂಜ್‌ನಲ್ಲಿ ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ?
– ಓದುಗರು, ಬಸವಕಲ್ಯಾಣ

ಉತ್ತರ: ನಳಿಗೆಯನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡು ಕಾಯಿರಿ, ತಡವಾಗಿ ಹಾರುವುದುಂಟು. ಆಮೇಲೆ ರೇಂಜ್ ಅಧಿಕಾರಿಗೆ ಹೇಳಿ ತೋಟಾ ತೆಗೆಯಿರಿ. ಇದಕ್ಕಿಂತ ಅಪಾಯ ‘ಫುಸ್’ ಎಂಬ ಸಣ್ಣ ಸದ್ದು. ಗುಂಡು ನಳಿಗೆಯೊಳಗೇ ಸಿಕ್ಕಿರಬಹುದು, ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತದೆ. ಅಲ್ಲಿಗೇ ನಿಲ್ಲಿಸಿ, ಆಯುಧ ಖಾಲಿ ಮಾಡಿ, ಹಿಂಬದಿಯಿಂದ ನಳಿಗೆಯೊಳಗೆ ಬೆಳಕು ಹಾಯುತ್ತದೆಯೇ ನೋಡಿ. ಸಿಕ್ಕಿದ್ದರೆ ನೀವು ಕಡ್ಡಿ ಹಾಕಿ ಬಡಿಯಬೇಡಿ, ಪರವಾನಗಿ ಇರುವ ರಿಪೇರಿಯವರಿಗೆ ಕೊಡಿ. ಆ ಪೆಟ್ಟಿಗೆಯ ಉಳಿದ ತೋಟಾಗಳನ್ನು ಲಾಟ್ ನಂಬರಿನ ಸಮೇತ ಕೊಂಡ ಅಂಗಡಿಗೆ ತೋರಿಸಿ.