ಹಾಯಿದೋಣಿಯ ಇಂಗ್ಲಿಷ್ ಪದಗಳನ್ನು ರಷ್ಯನ್ನಿಗೆ ತರುವ ಬಗ್ಗೆ: ಮೊದಲು ಹಗ್ಗ ನೋಡಿ, ಆಮೇಲೆ ಹೆಸರು ಹುಡುಕಿ

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಕೈಲಿರುವುದು ಇಂಗ್ಲಿಷಿನ ಹಾಯಿದೋಣಿ ಕೈಪಿಡಿ. ಕೊನೆಯಲ್ಲಿ ಹಳೇ ಹಡಗುಗಳ ಬಗ್ಗೆ ಒಂದು ಅಧ್ಯಾಯವೂ ಇದೆ. ಅದನ್ನು ರಷ್ಯನ್ ಗೆಳೆಯರಿಗಾಗಿ ಅನುವಾದ ಮಾಡಬೇಕು. ಯಂತ್ರಕ್ಕೆ ಕೊಟ್ಟರೆ ಶೀಟ್ ಅನ್ನೋದು ಒಂದು ಕಡೆ ಕಾಗದದ ಹಾಳೆ ಆಗಿದೆ, ಇನ್ನೊಂದು ಕಡೆ ಹಾಸಿಗೆ ಮೇಲಿನ ಬಟ್ಟೆ ಆಗಿದೆ. 'ಇಂಗ್ಲಿಷ್ ಪದವನ್ನೇ ರಷ್ಯನ್ ಅಕ್ಷರದಲ್ಲಿ ಬರೆದುಬಿಡಿ, ದೋಣಿಯವರಿಗೆ ಅರ್ಥ ಆಗುತ್ತೆ' ಅಂತ ಮೇಲೆ ಒಬ್ಬರು ಸಲಹೆ ಕೊಟ್ಟಿದ್ದಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ಪದ ಅರ್ಥವೇ ಆಗುವುದಿಲ್ಲ. ಅದಕ್ಕಿಂತ ಕಷ್ಟ ಏನೆಂದರೆ, ಇನ್ನು ಕೆಲವು ಪದ ಬೇರೆಯದೇ ವಸ್ತುವಾಗಿ ಅರ್ಥ ಆಗುತ್ತವೆ. ಗಾಳಿ ಜೋರಾಗಿರುವಾಗ ಒಬ್ಬರು ಒಂದು ಹಗ್ಗ ಹೇಳಿ, ಇನ್ನೊಬ್ಬರು ಇನ್ನೊಂದು ಹಗ್ಗ ಬಿಟ್ಟರೆ ಕೈಕಾಲಿಗೇ ಪೆಟ್ಟಾಗಬಹುದು. ನಾನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸದಲ್ಲಿದ್ದಾಗ ರಜೆ ಸಿಕ್ಕಿದಾಗಲೆಲ್ಲ ಫಿನ್ಲೆಂಡ್ ಕೊಲ್ಲಿಯಲ್ಲಿ ಅಲ್ಲಿನವರ ದೋಣಿ ಹತ್ತುತ್ತಿದ್ದೆ. ಅಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರಷ್ಯನ್ ಪದಗಳನ್ನು ಕಿವಿಗೆ ಬೀಳುವ ಹಾಗೆ ಬರೆದಿದ್ದೇನೆ. ತ, ದ ಇದ್ದರೆ ರಷ್ಯನ್, ಟ, ಡ ಇದ್ದರೆ ಇಂಗ್ಲಿಷ್ ಅಂತ ಹೆಚ್ಚುಕಡಿಮೆ ಗುರುತು ಹಿಡಿಯಬಹುದು.

ತೊಂದರೆಯ ಬೇರು ಚರಿತ್ರೆಯಲ್ಲಿದೆ. 1697ರಲ್ಲಿ ರಷ್ಯಾದ ಪೀಟರ್ ದೊರೆ ಹಾಲೆಂಡಿಗೆ ಹೋಗಿ ಆಮ್‌ಸ್ಟರ್‌ಡ್ಯಾಮಿನ ಹಡಗುಕಟ್ಟೆಯಲ್ಲಿ ಕೈಯಾರೆ ಕೆಲಸ ಕಲಿತ. ಮರುವರ್ಷ ಇಂಗ್ಲೆಂಡಿನ ಡೆಟ್‌ಫರ್ಡಿಗೂ ಹೋದ. ಆದರೆ ಹೊಸ ನೌಕಾಪಡೆಯ ಹಗ್ಗ, ಹಾಯಿ, ಕಂಬಗಳ ಹೆಸರು ಬಹುಪಾಲು ಡಚ್ಚಿನಿಂದ ಬಂದು ನಿಂತವು. ಹಾಯಿಯನ್ನು ಗಾಳಿಗೆ ಹೊಂದಿಸುವ ಹಗ್ಗ, ಅಂದರೆ ಶೀಟ್, ರಷ್ಯನ್ನಿನಲ್ಲಿ ಶ್ಕೋತ್. ಹಾಯಿ ಏರಿಸುವ ಹ್ಯಾಲ್ಯಾರ್ಡ್ ಅಲ್ಲಿ ಫಾಲ್. ಹಾಯಿಯ ಕೆಳಅಂಚನ್ನು ಹಿಡಿದಿಡುವ ಅಡ್ಡಕೋಲು, ಅಂದರೆ ಬೂಮ್, ಅಲ್ಲಿ ಗಿಕ್. ದೊಡ್ಡ ಹಾಯಿ, ಅಂದರೆ ಮೇನ್‌ಸೇಲ್, ಗ್ರೋತ್. ಅದಕ್ಕಿಂತ ಹಳೆಯ ಪದಗಳೂ ಉಳಿದಿವೆ: ಹಾಯಿಗೆ ಪಾರುಸ್, ಲಂಗರಿಗೆ ಯಾಕೊರ್, ಮುಂಭಾಗಕ್ಕೆ ನೋಸ್, ಹಿಂಭಾಗಕ್ಕೆ ಕೊರ್ಮಾ. ಹೀಗಾಗಿ ಬೋ ಅಂತ ಬಂದಲ್ಲಿ ನೋಸ್ ಅಂತ ಬರೆಯುತ್ತೀರಿ, ಆದರೆ ಅದೇ ಮೂತಿಯ ಮರದ ಹೆಸರಿನಲ್ಲಿ ಫೋರ್ ಅನ್ನೋ ಡಚ್ ತುಂಡು ಬರುತ್ತದೆ: ಫೋರ್‌ಶ್ತೇವೆನ್. ಹಿಂದಿನ ಮರ ಆಖ್ತೆರ್‌ಶ್ತೇವೆನ್.

ಇದಕ್ಕೂ ಹಿಂದಿನ ಒಂದು ಸಂಗತಿ ನಮಗೆ ಹತ್ತಿರದ್ದು. 15ನೇ ಶತಮಾನದಲ್ಲಿ ರಷ್ಯಾದ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ನಮ್ಮ ಬೀದರಿಗೆ ಬಂದಿದ್ದ. ಹೊರ್ಮುಜ್‌ನಿಂದ ಕುದುರೆ ಸಮೇತ ಹತ್ತಿ ಬಂದ ಹಡಗನ್ನು ಅವನು ತನ್ನ ಬರಹದಲ್ಲಿ 'ತಾವಾ' ಅಂತಲೇ ಕರೆದ. ಅದಕ್ಕೊಂದು ರಷ್ಯನ್ ಹೆಸರು ಹುಡುಕಲು ಹೋಗಲಿಲ್ಲ. ನಿಮ್ಮ ಕೈಪಿಡಿಯಲ್ಲಿ ಅರಬ್ ಅಥವಾ ಭಾರತದ ಕರಾವಳಿಯ ದೋಣಿ ಬಂದರೆ ನೀವೂ ಅದರ ಹೆಸರನ್ನು ಹಾಗೇ ಇಡಿ.

ಈಗ ಮುಖ್ಯ ವಿಷಯ. ಒಂದೇ ಥರ ಕೇಳಿಸುವ ಪದಗಳ ಬಗ್ಗೆ ತುಂಬಾ ಎಚ್ಚರ ಬೇಕು. ಇಂಗ್ಲಿಷಿನ ಕಟರ್ ಅಂದರೆ ಒಂದೇ ಕಂಬ, ಮುಂದೆ ಎರಡು ಹಾಯಿ ಇರುವ ದೋಣಿ. ರಷ್ಯನ್ನಿನಲ್ಲಿ ಕಾತೆರ್ ಅಂದರೆ ಇವತ್ತು ಎಲ್ಲರಿಗೂ ಇಂಜಿನ್ ದೋಣಿ. ನಿಮ್ಮ ಕಟರ್‌ಗೆ ಅವರು ಹೇಳುವ ಹೆಸರು ತೇಂದೆರ್. ಇಂಗ್ಲಿಷಿನಲ್ಲಿ ಟೆಂಡರ್ ಅಂದರೆ ದಡಕ್ಕೆ ಹೋಗಿಬರಲು ಹಿಂದೆ ಕಟ್ಟಿಕೊಂಡಿರುವ ಪುಟ್ಟ ದೋಣಿ. ಆ ಪುಟ್ಟ ದೋಣಿಗೆ ರಷ್ಯನ್ನರು ತೂಜಿಕ್ ಅನ್ನುತ್ತಾರೆ. 'ಕಟರ್ ತನ್ನ ಟೆಂಡರ್ ಅನ್ನು ಎಳೆದುಕೊಂಡು ಬಂತು' ಅನ್ನೋ ವಾಕ್ಯವನ್ನು ಅಕ್ಷರಕ್ಕೆ ಅಕ್ಷರ ಬರೆದರೆ, ಇಂಜಿನ್ ದೋಣಿಯೊಂದು ಹಾಯಿದೋಣಿಯನ್ನು ಎಳೆದುಕೊಂಡು ಬಂತು ಅಂತ ಆಗುತ್ತದೆ. ಓದುವವರಿಗೆ ಅನುಮಾನವೂ ಬರುವುದಿಲ್ಲ. ಹಾಗೇ ಇಂಗ್ಲಿಷಿನ ಯಾಲ್, ಅಂದರೆ ಚುಕ್ಕಾಣಿಗಿಂತ ಹಿಂದೆ ಸಣ್ಣ ಕಂಬ ಇರುವ ಎರಡು ಕಂಬದ ದೋಣಿ, ರಷ್ಯನ್ನಿನಲ್ಲಿ ಇಯೋಲ್. ಯಾಲ್ ಅಂತಲೇ ಬರೆದರೆ ಅದು ಹುಟ್ಟು ಹಾಕುವ ದೋಣಿ. ಡಿಂಗಿ ಅಂತ ಬಂದಾಗ ಚಿತ್ರ ನೋಡಿ. ಮಧ್ಯದಲ್ಲಿ ಎತ್ತಿ ಇಳಿಸುವ ಹಲಗೆ ಇರುವ ಪಂದ್ಯದ ದೋಣಿಯಾದರೆ ಶ್ವೆರ್ತ್‌ಬೋತ್, ದಡಕ್ಕೆ ಹೋಗುವ ಪುಟ್ಟದಾದರೆ ಮತ್ತೆ ತೂಜಿಕ್.

ಜಿಬ್, ಅಂದರೆ ಕಂಬದ ಮುಂದಿನ ಮುಕ್ಕೋನ ಹಾಯಿ, ಕೂಡ ಹೀಗೇ. ಒಂದು ಕಂಬ, ಮುಂದೆ ಒಂದೇ ಹಾಯಿ ಇರುವ ಈಗಿನ ದೋಣಿಯಲ್ಲಿ ಅದು ಸ್ತಾಕ್ಸೆಲ್. ಮುಂದೆ ಎರಡು ಹಾಯಿ ಇದ್ದರೆ ಒಳಗಿನದು ಸ್ತಾಕ್ಸೆಲ್, ಹೊರಗಿನದು ಕ್ಲಿವೆರ್. ನಿಘಂಟು ತೆರೆದರೆ ಜಿಬ್‌ಗೆ ಮೊದಲು ಕ್ಲಿವೆರ್ ಸಿಗಬಹುದು. ಅದನ್ನು ಪುಸ್ತಕದ ಉದ್ದಕ್ಕೂ ಹಾಕಬೇಡಿ.

ಇನ್ನು ಟ್ಯಾಕ್. ಇಂಗ್ಲಿಷಿನಲ್ಲಿ ಈ ಒಂದು ಪದಕ್ಕೆ ಮೂರು ಕೆಲಸ. ಹಾಯಿಯ ಮುಂದಿನ ಕೆಳಮೂಲೆ ಟ್ಯಾಕ್. ಗಾಳಿ ಯಾವ ಬದಿಯಿಂದ ಬರುತ್ತಿದೆ ಅನ್ನೋದೂ ಟ್ಯಾಕ್. ಮೂತಿಯನ್ನು ಗಾಳಿಗೆ ಅಡ್ಡ ದಾಟಿಸಿ ತಿರುಗುವುದೂ ಟ್ಯಾಕ್. ರಷ್ಯನ್ನಿನಲ್ಲಿ ಮೂಲೆ ಗಾಲ್ಸೊವಿ ಊಗೊಲ್, ಬದಿ ಗಾಲ್ಸ್, ತಿರುಗುವುದು ಪೊವೊರೋತ್ ಓವೆರ್‌ಶ್ತಾಗ್. ಸ್ಟಾರ್‌ಬೋರ್ಡ್ ಟ್ಯಾಕ್ ಅಂದರೆ ಪ್ರಾವಿ ಗಾಲ್ಸ್, ಬಲಗಡೆಯಿಂದ ಗಾಳಿ. ಎರಡು ಭಾಷೆಯಲ್ಲೂ ಬದಿಯ ಲೆಕ್ಕ ಒಂದೇ, ಇಲ್ಲಿ ಗಾಬರಿ ಬೇಡ. ಜೈಬ್, ಅಂದರೆ ಹಿಂಭಾಗವನ್ನು ಗಾಳಿಗೆ ದಾಟಿಸುವುದು, ಪೊವೊರೋತ್ ಫೋರ್ದೆವಿಂದ್. ಇಲ್ಲಿ ಪೊವೊರೋತ್ ಅನ್ನೋ ಪದ ಬಿಡಲೇಬೇಡಿ. ಬರೀ ಫೋರ್ದೆವಿಂದ್ ಅಂತ ಬರೆದರೆ ಗಾಳಿ ಬೆನ್ನಿಗಿಟ್ಟು ನೇರ ಹೋಗುವ ದಾರಿಯ ಹೆಸರೂ ಅದೇ. ತಿರುಗಿ ಅಂತ ಹೇಳಿದರಾ, ಹಾಗೇ ಹೋಗಿ ಅಂತ ಹೇಳಿದರಾ ಅನ್ನೋದೇ ಗೊತ್ತಾಗದೆ ಹೋಗಬಹುದು.

ಗಾಳಿಗೆ ದೋಣಿ ಯಾವ ಕೋನದಲ್ಲಿ ಹೋಗುತ್ತಿದೆ ಅನ್ನೋದು ಅನುವಾದದಲ್ಲಿ ಜಾಸ್ತಿ ಕಾಡುವ ಜಾಗ. ಇಂಗ್ಲಿಷಿನ ರೀಚ್ ತುಂಬಾ ಅಗಲವಾದ ಪದ. ಗಾಳಿ ಮುಂದಿನಿಂದ ಸ್ವಲ್ಪ ಓರೆಯಾಗಿ ಬಂದರೂ, ಪಕ್ಕದಿಂದ ಬಂದರೂ, ಹಿಂದಿನಿಂದ ಓರೆಯಾಗಿ ಬಂದರೂ ರೀಚ್ ಅಂತಲೇ. ರಷ್ಯನ್ನಿನಲ್ಲಿ ಅಂಥ ಒಂದು ಪದ ಇಲ್ಲ. ಗಾಳಿಗೆ ತೀರಾ ಹತ್ತಿರ ಹೋದರೆ ಕ್ರುತೋಯ್ ಬೇಯ್ದೆವಿಂದ್, ಅದಕ್ಕಿಂತ ಸ್ವಲ್ಪ ಬಿಟ್ಟು ಹೋದರೆ, ಅಂದರೆ ಕ್ಲೋಸ್ ರೀಚ್‌ನಲ್ಲಿ, ಪೋಲ್ನಿ ಬೇಯ್ದೆವಿಂದ್. ಗಾಳಿ ನೇರ ಪಕ್ಕದಿಂದ ಬಂದರೆ ಗಾಲ್ಫ್‌ವಿಂದ್. ಹಿಂದಿನ ಓರೆಯಾದರೆ ಬಕ್‌ಶ್ತಾಗ್. ಮೂಲದಲ್ಲಿ ಬರೀ ರೀಚ್ ಅಂತ ಇದ್ದರೆ ನೀವೇ ಕೂತು ಪತ್ತೆ ಮಾಡಬೇಕು. ಹಾಯಿ ಎಷ್ಟು ಬಿಟ್ಟಿದ್ದಾರೆ, ಸ್ಪಿನೇಕರ್ ಅನ್ನೋ ಉಬ್ಬಿದ ಮುಂದಿನ ಹಾಯಿ ಏರಿಸಿದ್ದಾರಾ, ನಕ್ಷೆಯಲ್ಲಿ ಗಾಳಿಯ ಬಾಣ ಎಲ್ಲಿದೆ, ಎಲ್ಲ ನೋಡಿ. ಈ ಶ್ರಮ ಉಳಿಸಲು ಸುಮ್ನೆ ಎಲ್ಲ ಕಡೆ ಗಾಲ್ಫ್‌ವಿಂದ್ ಅಂತ ಹಾಕುವವರಿದ್ದಾರೆ. ಕಲಿಯುವವರ ಪುಸ್ತಕದಲ್ಲಿ ಅದು ಅನ್ಯಾಯ.

ಬಕ್‌ಶ್ತಾಗ್ ಇನ್ನೊಂದು ಕಡೆಯೂ ಕಾಲಿಗೆ ತೊಡರುತ್ತದೆ. ಅದು ಹೋಗುವ ದಾರಿಯ ಹೆಸರೂ ಹೌದು, ಒಂದು ಹಗ್ಗದ ಹೆಸರೂ ಹೌದು. ಇಂಗ್ಲಿಷಿನ ಬ್ಯಾಕ್‌ಸ್ಟೇಗೆ ಕನಿಷ್ಠ ಮೂರು ರಷ್ಯನ್ ಹೆಸರು ಬೇಕಾಗುತ್ತವೆ. ಈಗಿನ ಯಾಚ್‌ನಲ್ಲಿ ಕಂಬದ ತುದಿಯಿಂದ ಹಿಂಭಾಗಕ್ಕೆ ಶಾಶ್ವತವಾಗಿ ಬಿಗಿದಿರುವುದು ಆಖ್ತೆರ್‌ಶ್ತಾಗ್. ಪ್ರತಿ ಸಲ ತಿರುಗುವಾಗ ಒಂದು ಬದಿ ಬಿಟ್ಟು ಇನ್ನೊಂದು ಬದಿ ಬಿಗಿಯುವುದು, ಅಂದರೆ ರನ್ನಿಂಗ್ ಬ್ಯಾಕ್‌ಸ್ಟೇ, ಬಕ್‌ಶ್ತಾಗ್. ಹಳೇ ಚೌಕಹಾಯಿ ಹಡಗುಗಳಲ್ಲಿ ಮೇಲಿನ ಕಂಬಗಳನ್ನು ಹಿಂದಕ್ಕೆ ಹಿಡಿದಿಡುವುದು ಫೋರ್ದೂನ್. ನಿಘಂಟಿನಲ್ಲಿ ಮೂರೂ ಒಟ್ಟಿಗೆ ಕೊಟ್ಟಿರುತ್ತಾರೆ. ಯಾವುದು ಅನ್ನೋದು ಹಡಗು ನೋಡಿಯೇ ಹೇಳಬೇಕು.

ನಿಮ್ಮ ಕೊನೆಯ ಅಧ್ಯಾಯಕ್ಕೆ ಇದನ್ನು ಗುರುತು ಹಾಕಿಕೊಳ್ಳಿ. ಚೌಕಹಾಯಿಯ ಹಡಗಿನಲ್ಲಿ ಕೆಳಹಾಯಿಯ ಮೇಲಿನ ಟಾಪ್‌ಸೇಲ್ ಅಂದರೆ ಮಾರ್ಸೆಲ್. ರಷ್ಯನ್ನಿನ ತೋಪ್ಸೆಲ್ ಬೇರೆ, ಅದು ಗ್ಯಾಫ್ ಅನ್ನೋ ಓರೆಕೋಲಿಗೆ ಕಟ್ಟಿದ ಹಾಯಿಯ ಮೇಲೆ ಏರಿಸುವ ಸಣ್ಣ ಹಾಯಿ. ಟಾಪ್‌ಸೇಲ್ ಮೇಲಿನ ಟಾಪ್‌ಗ್ಯಾಲಂಟ್ ಅಂದರೆ ಬ್ರಾಮ್ಸೆಲ್, ಅದರ ಮೇಲಿನ ರಾಯಲ್ ಅಂದರೆ ಬೋಮ್-ಬ್ರಾಮ್ಸೆಲ್. ಇವಕ್ಕೆ ಯಾವ ಕಂಬದ್ದು ಅಂತ ಮುಂದೆ ಸೇರಿಸಬೇಕು. ಅಲ್ಲೂ ಒಂದು ಗಂಟಿದೆ. ಮೂರು ಕಂಬದ ಹಡಗಿನಲ್ಲಿ ಕಂಬಗಳು ಫೋಕ್, ಗ್ರೋತ್, ಬಿಜಾನ್. ಆದರೆ ಮಾರ್ಸ್ ಅನ್ನೋ ಅಟ್ಟಣಿಗೆ ದಾಟಿ ಮೇಲೆ ಹೋದ ಕೂಡಲೇ ಫೋಕ್ ಹೋಗಿ ಫೋರ್ ಆಗುತ್ತದೆ, ಬಿಜಾನ್ ಹೋಗಿ ಕ್ರ್ಯುಯ್ಸ್ ಆಗುತ್ತದೆ. ಹಾಗಾಗಿ ಫೋರ್-ಟಾಪ್‌ಸೇಲ್ ಫೋರ್-ಮಾರ್ಸೆಲ್, ಮೇನ್-ಟಾಪ್‌ಸೇಲ್ ಗ್ರೋತ್-ಮಾರ್ಸೆಲ್, ಮಿಜನ್-ಟಾಪ್‌ಸೇಲ್ ಮಾತ್ರ ಕ್ರ್ಯುಯ್ಸೆಲ್. ಸ್ಪ್ಯಾಂಕರ್, ಅಂದರೆ ಕೊನೆಯ ಕಂಬದ ಗ್ಯಾಫ್ ಹಾಯಿ, ಬಂದರೆ ಬಿಜಾನ್.

ನಾಲ್ಕು ಕಂಬದ ಬಾರ್ಕ್, ಅಂದರೆ ಕೊನೆಯ ಕಂಬ ಬಿಟ್ಟು ಉಳಿದವಕ್ಕೆ ಚೌಕಹಾಯಿ ಇರುವ ಹಡಗು, ಬಂದರೆ ಇನ್ನೂ ಎಚ್ಚರ. ಇಂಗ್ಲಿಷಿನಲ್ಲಿ ಕಂಬಗಳು ಫೋರ್, ಮೇನ್, ಮಿಜನ್, ಜಿಗರ್. ರಷ್ಯನ್ನಿನಲ್ಲಿ ಫೋಕ್, ಮೊದಲ ಗ್ರೋತ್, ಎರಡನೇ ಗ್ರೋತ್, ಬಿಜಾನ್. ಅಂದರೆ ಇಂಗ್ಲಿಷಿನ ಮಿಜನ್ ಇಲ್ಲಿ ಬಿಜಾನ್ ಆಗುವುದಿಲ್ಲ, ಜಿಗರ್ ಬಿಜಾನ್ ಆಗುತ್ತದೆ. 1926ರಲ್ಲಿ ಜರ್ಮನಿಯಲ್ಲಿ ಪಡುವಾ ಅನ್ನೋ ಹೆಸರಲ್ಲಿ ಕಟ್ಟಿದ ಕ್ರುಜೆನ್‌ಶ್ತೆರ್ನ್ ಹಡಗು ಇವತ್ತು ರಷ್ಯಾದ ತರಬೇತಿ ಹಡಗು, ನಾಲ್ಕು ಕಂಬದ ಬಾರ್ಕ್. ಅದರ ಹಾಯಿನಕ್ಷೆಯ ಇಂಗ್ಲಿಷ್ ಮತ್ತು ರಷ್ಯನ್ ವಿವರಣೆಗಳನ್ನು ಪಕ್ಕ ಪಕ್ಕ ಇಟ್ಟು ಒಂದು ಸಲ ಕೂತರೆ ಈ ಅಧ್ಯಾಯದ ಅರ್ಧ ಕೆಲಸ ಮುಗಿಯುತ್ತದೆ. ನನಗೆ ಅದಕ್ಕಿಂತ ಒಳ್ಳೇ ನಿಘಂಟು ಸಿಕ್ಕಿಲ್ಲ. ನಿಘಂಟೇ ಬೇಕೆಂದರೆ, ಹಳೇ ಹಡಗುಗಳಿಗೆ ಶಿಶ್ಕೋವ್ 1795ರಲ್ಲಿ ತಂದ ಇಂಗ್ಲಿಷ್, ಫ್ರೆಂಚ್, ರಷ್ಯನ್ ಮೂರು ಭಾಷೆಯ ಸಮುದ್ರ ನಿಘಂಟು ಇದೆ. ರಷ್ಯನ್ ಪದದ ಅರ್ಥ ಖಾತ್ರಿ ಮಾಡಿಕೊಳ್ಳಲು ಸಮೋಯ್ಲೋವ್ ಅವರ ಎರಡು ಸಂಪುಟದ ನಿಘಂಟು ನೋಡಿ, 1939ರಿಂದ 1941ರ ನಡುವೆ ಬಂದದ್ದು.

ಅದೇ ಅಧ್ಯಾಯದಲ್ಲಿ ಚುಕ್ಕಾಣಿಯ ಆಜ್ಞೆ ಬಂದರೆ ವರ್ಷ ನೋಡಿಕೊಳ್ಳಿ. 1930ರ ದಶಕದ ಶುರುವಿನವರೆಗೆ ಬ್ರಿಟಿಷ್ ಹಡಗುಗಳಲ್ಲಿ ಆಜ್ಞೆ ಹೇಳುತ್ತಿದ್ದದ್ದು ಚುಕ್ಕಾಣಿಯ ಹಿಡಿಕೆ ಯಾವ ಕಡೆಗೆ ಅಂತ. ಹಿಡಿಕೆ ಬಲಕ್ಕೆ ಹೋದರೆ ಹಡಗು ಎಡಕ್ಕೆ ತಿರುಗುತ್ತದೆ, ಅಲ್ವಾ? 1912ರಲ್ಲಿ ಟೈಟಾನಿಕ್ ಮೇಲೆ ಕೊಟ್ಟ 'ಹಾರ್ಡ್ ಎ-ಸ್ಟಾರ್‌ಬೋರ್ಡ್' ಆಜ್ಞೆಗೆ ಹಡಗು ತಿರುಗಿದ್ದು ಎಡಕ್ಕೆ. ಇಂಥ ಕಡೆ ಹಡಗು ತಿರುಗಿದ ದಿಕ್ಕು ಓದುವವರಿಗೆ ಸ್ಪಷ್ಟವಾಗಬೇಕು.

ಕ್ರಿಯಾಪದಗಳಿಗೆ ಬರೋಣ. ಹಗ್ಗ ಸಡಿಲ ಬಿಡುವುದು ತ್ರವೀತ್, ಸ್ವಲ್ಪ ಬಿಡು ಅಂದರೆ ಪೊತ್ರವೀತ್. ಎಳೆದುಕೊಳ್ಳುವುದು ವಿಬಿರಾತ್. ತ್ರವೀತ್‌ಗೆ ಊರಮಾತಿನಲ್ಲಿ ವಿಷ ಹಾಕು ಅನ್ನೋ ಅರ್ಥವೂ ಇದೆ, ಅದಕ್ಕೇ ಹೊಸಬರು ಆ ಪದ ಬಳಸಲು ಹಿಂಜರಿಯುತ್ತಾರೆ. ದೋಣಿಯ ಮೇಲೆ ಅದೇ ಸರಿಯಾದ ಪದ. ಮೂತಿಯನ್ನು ಗಾಳಿಯ ಕಡೆ ತರುವುದು ಪ್ರಿವೊದೀತ್ಸ್ಯಾ, ಗಾಳಿಯಿಂದ ದೂರ ಸರಿಸುವುದು ಉವಾಲಿವಾತ್ಸ್ಯಾ. ಅದ್ದಾತ್ ಅನ್ನೋದಕ್ಕೆ ಸಾಮಾನ್ಯ ಅರ್ಥ ಕೊಡು. ಹಡಗಿನಲ್ಲಿ ಅದು ಬಿಡು, ಬಿಚ್ಚು. ಕಾಸ್ಟ್ ಆಫ್, ಅಂದರೆ ದಡಕ್ಕೆ ಕಟ್ಟಿದ ಹಗ್ಗ ಬಿಚ್ಚು, ಅಂತ ಬಂದಲ್ಲಿ ಅದ್ದಾತ್ ಶ್ವರ್ತೋವಿ ಅಂತ ಬರೆಯಿರಿ. ಅದ್ದಾತ್ ಯಾಕೊರ್ ಅಂದರೆ ಲಂಗರು ಹಾಕು, ಎತ್ತು ಅಂತ ಅಲ್ಲ.

ಡ್ರಿಫ್ಟ್ ಕೂಡ ಮೋಸ ಮಾಡುವ ಪದ. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಲೀವೇ. ರಷ್ಯನ್ನಿನಲ್ಲಿ ಅದೇ ದ್ರೇಯ್ಫ್. ನೀರಿನ ಹರಿವು ತಳ್ಳಿದರೆ ಸ್ನೋಸ್. ಹೀವ್ ಟು, ಅಂದರೆ ಹಾಯಿಗಳನ್ನು ಹೊಂದಿಸಿ ದೋಣಿಯನ್ನು ಹೆಚ್ಚುಕಡಿಮೆ ನಿಲ್ಲಿಸುವುದು, ಲೇಚ್ ವ್ ದ್ರೇಯ್ಫ್. ಲೀ ಶೋರ್‌ಗೆ ನಿಘಂಟಿನ ಪದ ಇಡಬೇಡಿ. ದ್ವೀಪದ ಮರೆಯ ಬದಿ ಅಂತ ಕೆಲವರು ಉಲ್ಟಾ ತಿಳಿಯುತ್ತಾರೆ. 'ಗಾಳಿ ನಮ್ಮನ್ನು ತಳ್ಳುತ್ತಿರುವ ದಡ' ಅಂತ ಬಿಡಿಸಿಯೇ ಬರೆಯಿರಿ, ಒಂದು ಸಾಲು ಉದ್ದ ಆದರೂ ಪರವಾಗಿಲ್ಲ.

ಗಂಟುಗಳ ಪುಟದಲ್ಲಿ ಒಂದೆರಡು ಮಾತ್ರ. ರೀಫ್ ನಾಟ್ ರಷ್ಯನ್ನಿನಲ್ಲಿ ಪ್ರ್ಯಮೋಯ್ ಊಜೆಲ್. ರೀಫೊವಿ ಊಜೆಲ್ ಅಂದರೆ ಎಳೆದರೆ ಬಿಚ್ಚುವ ಕುಣಿಕೆ ಇರುವ ಗಂಟು. ಬೋಲೈನ್ ಗಂಟು ಬೆಸೇದೊಚ್ನಿ ಊಜೆಲ್.

ಅಳತೆಗಳು ಸಣ್ಣ ವಿಷಯ ಅನಿಸಬಹುದು, ಆದರೆ ಆಳದ ಮಾತು ಬಂದಾಗ ಹಾಗಲ್ಲ. ಆಳ ಹೇಳುವ ಇಂಗ್ಲಿಷ್ ಅಳತೆ ಫ್ಯಾದಮ್‌ಗೆ ಬರೀ ಸಾಝೆನ್ ಅಂತ ಬರೆದರೆ ನೆಲದ ಸಾಝೆನ್ ಆಗುತ್ತದೆ, 7 ಅಡಿ, 2.13 ಮೀಟರ್. ಸಮುದ್ರದ್ದು 6 ಅಡಿ, 1.83 ಮೀಟರ್. 10 ಫ್ಯಾದಮ್ ಆಳದಲ್ಲಿ 3 ಮೀಟರ್ ವ್ಯತ್ಯಾಸ. ಮೊರ್ಸ್ಕಾಯಾ ಅಂತ ಮುಂದೆ ಸೇರಿಸಿ, ಇಲ್ಲವೇ ಮೀಟರಿಗೇ ಬದಲಿಸಿ. ಗಾಳಿಯ ವೇಗವನ್ನು ರಷ್ಯಾದ ಹವಾಮಾನ ವರದಿಗಳು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಕೊಡುತ್ತವೆ. ಇಂಗ್ಲಿಷಿನಲ್ಲಿ ನಾಟ್, ಅಂದರೆ ಗಂಟೆಗೆ ಇಷ್ಟು ಸಮುದ್ರ ಮೈಲಿ. 20 ನಾಟ್ ಅಂದರೆ ಸೆಕೆಂಡಿಗೆ ಸುಮಾರು 10 ಮೀಟರ್. ಎರಡನ್ನೂ ಬರೆಯಿರಿ.

ಕೊನೆಗೆ, ದಾರಿ ಬಿಡುವ ನಿಯಮಗಳ ಅಧ್ಯಾಯ. ಅಲ್ಲಿ ನಿಮ್ಮ ಸ್ವಂತ ಅನುವಾದ ಬೇಡವೇ ಬೇಡ. 1972ರ ಅಂತರರಾಷ್ಟ್ರೀಯ ನಿಯಮಗಳಿಗೆ ರಷ್ಯನ್ನಿನಲ್ಲಿ ಅಧಿಕೃತ ಪಠ್ಯ ಇದೆ. ಸ್ಟ್ಯಾಂಡ್-ಆನ್ ವೆಸಲ್‌ಗೆ ಅಲ್ಲಿ 'ಯಾವುದಕ್ಕೆ ದಾರಿ ಬಿಡುತ್ತಾರೋ ಆ ಹಡಗು' ಅನ್ನೋ ಉದ್ದ ಮಾತೇ ಇದೆ. ಪಂದ್ಯದ ನಿಯಮಗಳೂ ಹಾಗೇ. ಕ್ಲಿಯರ್ ಅಹೆಡ್, ಅಂದರೆ ಇನ್ನೊಂದು ದೋಣಿಗಿಂತ ಪೂರ್ತಿ ಮುಂದಿರುವುದು, ಅಲ್ಲಿ ಚೀಸ್ತೊ ವ್ಪೆರೆದೀ. ಕೇಳಲು ಸ್ವಲ್ಪ ವಿಚಿತ್ರ ಅನಿಸಬಹುದು, ಆದರೆ ಪಂದ್ಯದವರು ದೂರು ಕೊಡುವಾಗ ಬಳಸುವ ಮಾತು ಅದೇ.

ನೀವು ಶುರು ಮಾಡುವ ಮೊದಲು ದೋಣಿಯ ಹಗ್ಗ, ಹಾಯಿಗಳ ಚಿತ್ರ ಇರುವ ಪುಟವನ್ನು ಇಲ್ಲಿ ಹಾಕಿ. ಕಂಬ ಎಷ್ಟು, ಮುಂದೆ ಹಾಯಿ ಎಷ್ಟು, ರನ್ನಿಂಗ್ ಬ್ಯಾಕ್‌ಸ್ಟೇ ಇದೆಯಾ ಅಂತ ಗೊತ್ತಾದರೆ, ಆ ದೋಣಿಗೆ ಸರಿಹೋಗುವ ಪದಪಟ್ಟಿ ಮಾಡಿಕೊಡುತ್ತೇನೆ. ಹಳೇ ಹಡಗಿನ ಅಧ್ಯಾಯವನ್ನು ಆಮೇಲೆ ಬೇರೆಯಾಗಿ ನೋಡೋಣ.